ಬಲೆ ಹಿಡಿದು ಅತ್ತ ರಶೀದಿ ಯೆಕಿನಿ: ಮೂರು ಹೆಜ್ಜೆ ದೂರದ ಗೋಲಿಗೆ ಇಷ್ಟೊಂದು ಮಹತ್ವವೇಕೆ?

ಪ್ರಶ್ನೆ: ಮಾಜಾಳಿಯ ಮಾಸ್ತರ

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದ ಸಮೀಪದ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೇನೆ. ಜೂನ್ ತಿಂಗಳಲ್ಲಿ ಬೋಟುಗಳೆಲ್ಲ ದಡ ಸೇರಿ, ಹಿರಿಯರು ಜಗಲಿಯಲ್ಲಿ ಕುಳಿತು ಬಲೆ ರಿಪೇರಿಗೆ ತೊಡಗಿದಾಗ, ನಮ್ಮ ಹುಡುಗರು ಅವರನ್ನು ಕಾಡಿಬೇಡಿ ಕೆಲಸಕ್ಕೆ ಬಾರದ ಬಲೆಯ ತುಂಡುಗಳನ್ನು ತಂದು ಮೈದಾನದ ಗೋಲು ಕಂಬಗಳಿಗೆ ಕಟ್ಟುತ್ತಾರೆ. ಹೀಗಾಗಿ ನಮ್ಮಲ್ಲಿ ಬಲೆಯ ಕೊರತೆ ಎಂದೂ ಆಗಿಲ್ಲ. ಚೆಂಡಿನ ಕೊರತೆ ಮಾತ್ರ ಸದಾ ಇದೆ.

ಕಳೆದ ವಾರ ಮಳೆ ಜೋರಾಗಿ ಆಟ ನಿಂತಾಗ ಹುಡುಗರಿಗೆ ಮೊಬೈಲಿನಲ್ಲಿ ಒಂದು ಹಳೆಯ ತುಣುಕನ್ನು ತೋರಿಸಿದೆ. 1994ರ ವಿಶ್ವಕಪ್‌ನಲ್ಲಿ ನೈಜೀರಿಯಾದ ಫಾರ್ವರ್ಡ್ ರಶೀದಿ ಯೆಕಿನಿಯವರು ಬಲ್ಗೇರಿಯಾದ ವಿರುದ್ಧ ಹೊಡೆದ ಗೋಲು ಅದು. ಗೋಲು ಆದ ಮೇಲೆ ಅವರು ಸಂಗಡಿಗರ ಕಡೆಗೆ ಓಡುವುದಿಲ್ಲ. ಚೆಂಡಿನ ಹಿಂದೆಯೇ ಗೋಲಿನ ಒಳಕ್ಕೆ ಹೋಗಿ, ಎರಡೂ ಕೈಗಳನ್ನು ಬಲೆಯ ಕಣ್ಣುಗಳಲ್ಲಿ ತೂರಿಸಿ, ಅದನ್ನು ಗಟ್ಟಿಯಾಗಿ ಹಿಡಿದುಕೊಂಡು, ಅಳುತ್ತ ಏನನ್ನೋ ಕೂಗುತ್ತಾರೆ. ನಾನು ಅದನ್ನು ಮೊದಲು ನೋಡಿದಾಗ ಹೈಸ್ಕೂಲಿನ ಹುಡುಗ. ಆಟ ಆರಂಭವಾದದ್ದು ನಮ್ಮ ಬೆಳಗಿನ ಐದು ಗಂಟೆಗೆ. ಹೊರಗೆ ಮಳೆ ಸುರಿಯುತ್ತಿತ್ತು. ಪಕ್ಕದ ಮನೆಯ ಕಪ್ಪು ಬಿಳುಪು ಟೀವಿಯ ಮುಂದೆ ನಾಲ್ಕೈದು ಮಂದಿ ಕುಳಿತಿದ್ದೆವು. ಸಮುದ್ರಕ್ಕೆ ಹೋಗುವಂತಿಲ್ಲದ ಕಾಲವಾದ್ದರಿಂದ ಹಿರಿಯರೂ ಎದ್ದು ಬಂದಿದ್ದರು. ಬಲೆ ಹಿಡಿದು ಅಳುವ ಆ ಮನುಷ್ಯನನ್ನು ಕಂಡು ನಮ್ಮ ನೆರೆಮನೆಯ ಅಜ್ಜ, "ಇವನಿಗೆ ಬಹಳ ದಿನದಿಂದ ಮೀನು ಸಿಕ್ಕಿರಲಿಲ್ಲ, ಪಾಪ" ಎಂದಿದ್ದರು.

ಆದರೆ ನನ್ನ ಹುಡುಗರ ಮೇಲೆ ಅದು ಅಂಥ ಪರಿಣಾಮವನ್ನೇನೂ ಮಾಡಲಿಲ್ಲ. ಅವರಲ್ಲೊಬ್ಬ, "ಸರ್, ಗೋಲಿನಿಂದ ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದಾರೆ, ಚೆಂಡು ಕಾಲಿಗೇ ಬಂದಿದೆ. ಇದನ್ನು ನಮ್ಮ ಅಜ್ಜಿಯೂ ಹೊಡೆಯುತ್ತಾಳೆ. ಇದಕ್ಕೆ ಅಳುವುದೇಕೆ?" ಎಂದು ಕೇಳಿದ. ಉಳಿದವರು ನಕ್ಕರು. ನನಗೆ ತಕ್ಷಣಕ್ಕೆ ಸರಿಯಾದ ಉತ್ತರ ಹೊಳೆಯಲಿಲ್ಲ. ಈ ಆಟಗಾರನ ಜೀವನವನ್ನು ಬಲ್ಲವರು ಇಲ್ಲಿದ್ದರೆ, ಆ ಗೋಲಿನ ಹಿಂದೆ ಏನಿತ್ತು, ಅದರ ನಂತರ ಅವರಿಗೇನಾಯಿತು ಎಂಬುದನ್ನು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಉತ್ತರ: ಕೋಡಿಬಾಗದ ಹಡಗಿನವ

ಮಾಸ್ತರರೇ, ಆ ಗೋಲು ಆದಾಗ ನಾನು ಲಾಗೋಸಿನಲ್ಲಿದ್ದೆ.

ಸರಕು ಹಡಗಿನ ಎಂಜಿನ್ ವಿಭಾಗದಲ್ಲಿ ದುಡಿಯುತ್ತಿದ್ದ ಕಾಲವದು. ನಮ್ಮ ಹಡಗು ಅಪಾಪಾ ಬಂದರಿನ ಧಕ್ಕೆಯಲ್ಲಿ ನಿಂತಿತ್ತು. ಆಟ ನಡೆದದ್ದು ಅಮೆರಿಕದ ಡಲ್ಲಾಸ್ ನಗರದ ಕಾಟನ್ ಬೌಲ್ ಮೈದಾನದಲ್ಲಿ, 1994ರ ಜೂನ್ 21ರ ಸಂಜೆ. ನಿಮ್ಮಲ್ಲಿ ಬೆಳಗಿನ ಐದು ಗಂಟೆಯಾಗಿದ್ದಾಗ ಲಾಗೋಸಿನಲ್ಲಿ ಮಧ್ಯರಾತ್ರಿ ಹನ್ನೆರಡೂವರೆ. 21ನೆಯ ನಿಮಿಷದಲ್ಲಿ, ಅಂದರೆ ಒಂದು ಗಂಟೆಗೆ ಹತ್ತು ನಿಮಿಷವಿರುವಾಗ, ಆ ಕತ್ತಲ ಊರಿಗೆ ಊರೇ ಒಮ್ಮೆಲೇ ಕೂಗಿಕೊಂಡಿತು. ನಾನು ಡೆಕ್ಕಿನ ಮೇಲೆ ಗಾಳಿಗೆ ನಿಂತಿದ್ದವನು, ಗಲಭೆ ಶುರುವಾಯಿತೆಂದೇ ತಿಳಿದು ಕೆಳಗಿಳಿಯಲು ಹೊರಟಿದ್ದೆ. ಹಾಗೆ ತಿಳಿಯಲು ಕಾರಣವೂ ಇತ್ತು. ಹಿಂದಿನ ವರ್ಷದ ಜೂನ್ 12ರಂದು ನಡೆದ ಅಧ್ಯಕ್ಷೀಯ ಚುನಾವಣೆಯಲ್ಲಿ ಮುಂದಿದ್ದ ಮೊಶೂದ್ ಅಬಿಯೋಲಾ ಅವರ ಗೆಲುವನ್ನು ಸೇನಾ ಸರ್ಕಾರ ರದ್ದುಗೊಳಿಸಿತ್ತು. ನವೆಂಬರಿನಲ್ಲಿ ಜನರಲ್ ಸಾನಿ ಅಬಾಚಾ ಅಧಿಕಾರ ಹಿಡಿದಿದ್ದರು. ಹತ್ತು ದಿನಗಳ ಹಿಂದಷ್ಟೇ ಅಬಿಯೋಲಾ ತಾನೇ ಅಧ್ಯಕ್ಷನೆಂದು ಲಾಗೋಸಿನಲ್ಲಿ ಘೋಷಿಸಿಕೊಂಡಿದ್ದರು. ಈ ಗೋಲಿನ ಎರಡು ದಿನಗಳ ನಂತರ, ಜೂನ್ 23ರಂದು, ಅವರ ಬಂಧನವಾಯಿತು. 1998ರಲ್ಲಿ ಬಂಧನದಲ್ಲಿಯೇ ತೀರಿಕೊಂಡರು. ರಾಜಕೀಯ ಏಕೆಂದು ಯಾರಾದರೂ ಕೇಳಬಹುದು. ಆ ಅಬಿಯೋಲಾ ಅವರು ಅಬೆಯೊಕುಟಾ ಊರಿನಲ್ಲಿ ತಮ್ಮದೇ ಹೆಸರಿನ ಫುಟ್ಬಾಲ್ ತಂಡವನ್ನು ಕಟ್ಟಿ ಸಾಕಿದವರು. ಯೆಕಿನಿ 1984ರಿಂದ 1987ರವರೆಗೆ ಆಡಿದ್ದು ಆ ‘ಅಬಿಯೋಲಾ ಬೇಬ್ಸ್’ ತಂಡಕ್ಕಾಗಿಯೇ.

ಅವರು ಹುಟ್ಟಿದ್ದು 1963ರ ಅಕ್ಟೋಬರ್ 23ರಂದು, ಉತ್ತರದ ಕಡುನಾ ನಗರದಲ್ಲಿ. ಅದು ಬಟ್ಟೆ ಗಿರಣಿಗಳ ಊರು. ಮನೆತನದ ಮೂಲ ಮಾತ್ರ ಕ್ವಾರಾ ಪ್ರಾಂತದ ಇರಾ ಎಂಬ ಸಣ್ಣ ಊರು. ಯೊರುಬಾ ಭಾಷೆಯ ಮುಸ್ಲಿಂ ಕುಟುಂಬ. ಮೊದಲು ಆಡಿದ್ದು ಕಡುನಾದ ಒಂದು ಬಟ್ಟೆ ಗಿರಣಿಯ ತಂಡದಲ್ಲಿ. ಅಲ್ಲಿಂದ 1982ರಲ್ಲಿ ಇಬಾದಾನಿನ ಶೂಟಿಂಗ್ ಸ್ಟಾರ್ಸ್ ತಂಡಕ್ಕೆ ಬಂದರು. ಆ ತಂಡ 1984ರಲ್ಲಿ ಆಫ್ರಿಕಾದ ಚಾಂಪಿಯನ್ ಕ್ಲಬ್ಬುಗಳ ಕಪ್‌ನ ಫೈನಲ್ ತಲುಪಿ, ಈಜಿಪ್ಟಿನ ಜಮಾಲೆಕ್ ತಂಡಕ್ಕೆ ಸೋತಿತು. ನಂತರ ಅಬಿಯೋಲಾ ಬೇಬ್ಸ್. ಅದಾದ ಮೇಲೆ ಐವರಿ ಕೋಸ್ಟಿನ ಅಬಿಜಾನ್ ನಗರದ ಆಫ್ರಿಕಾ ಸ್ಪೋರ್ಟ್ಸ್. ಇಂದಿನ ಹುಡುಗರು ಹದಿನೆಂಟು ವರ್ಷಕ್ಕೇ ಯುರೋಪ್ ಸೇರುವುದನ್ನು ನೋಡಿ ಅಭ್ಯಾಸವಾದವರಿಗೆ ಒಂದು ಮಾತು ಹೇಳಬೇಕು. ಯೆಕಿನಿ ಯುರೋಪಿಗೆ ಹೋದಾಗ ಅವರಿಗೆ ಇಪ್ಪತ್ತೇಳು ವರ್ಷ ಸಮೀಪಿಸಿತ್ತು, ಸೇರಿದ್ದು ಕೂಡ ಹೆಸರಾಂತ ತಂಡವನ್ನಲ್ಲ.

ಆ ಊರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪೋರ್ಚುಗಲ್ಲಿನ ಸೆತುಬಾಲ್. ಸಾದೋ ನದಿ ಸಮುದ್ರ ಸೇರುವಲ್ಲಿ, ನಮ್ಮ ಕಾಳಿ ನದಿಯ ಮುಖದಂತೆಯೇ ಕಾಣುವ ಜಾಗ; ಧಕ್ಕೆಯಲ್ಲಿ ಬಣ್ಣದ ದೋಣಿಗಳು, ಗಾಳಿಯಲ್ಲಿ ಮೀನಿನ ವಾಸನೆ. ನಾವು ತಾರ್ಲೆ ಎನ್ನುವ ಮೀನಿನ ಜಾತಿಯದೇ ಅವರ ಸಾರ್ಡೀನ್. ಅದನ್ನು ಡಬ್ಬಿಗಳಲ್ಲಿ ತುಂಬಿಸುವ ಕಾರ್ಖಾನೆಗಳಿಂದಲೇ ಒಂದು ಕಾಲಕ್ಕೆ ಊರು ಬೆಳೆದದ್ದು. ತಂಡದ ಹೆಸರು ವಿತೋರಿಯಾ. ಅಂಗಿ ಹಸಿರು ಬಿಳಿ ಪಟ್ಟೆಯದು, ನೈಜೀರಿಯಾದ ಬಣ್ಣಗಳೇ ಎನ್ನಿ. ಯೆಕಿನಿ ಬಂದ ಮೇಲೆ ಆ ತಂಡ ಎರಡನೆಯ ದರ್ಜೆಗೆ ಇಳಿಯಿತು. ಬೇರೆ ಯಾರಾದರೂ ಆಗಿದ್ದರೆ ಗಂಟುಮೂಟೆ ಕಟ್ಟುತ್ತಿದ್ದರು. ಇವರು ಅಲ್ಲಿಯೇ ಉಳಿದರು. 1992-93ರಲ್ಲಿ 32 ಆಟಗಳಲ್ಲಿ 34 ಗೋಲು ಹೊಡೆದು ತಂಡವನ್ನು ಮತ್ತೆ ಮೊದಲ ದರ್ಜೆಗೆ ಎತ್ತಿದರು. ಮುಂದಿನ ವರ್ಷ ಬೆನ್‌ಫಿಕಾ, ಪೋರ್ಟೊ, ಸ್ಪೋರ್ಟಿಂಗ್‌ಗಳಂಥ ದೊಡ್ಡವರ ನಡುವೆ ನಿಂತು 21 ಗೋಲು ಹೊಡೆದು ಇಡೀ ಲೀಗಿಗೇ ಅಗ್ರ ಗೋಲುಗಾರರಾದರು. 1993ರ ಆಫ್ರಿಕಾದ ಶ್ರೇಷ್ಠ ಫುಟ್ಬಾಲಿಗ ಪ್ರಶಸ್ತಿ ಅವರಿಗೆ ಬಂತು. ಆ ಗೌರವ ಪಡೆದ ಮೊದಲ ನೈಜೀರಿಯನ್ ಅವರೇ.

ಇನ್ನು ಆ ಗೋಲು. ನೈಜೀರಿಯಾ ಅದುವರೆಗೆ ವಿಶ್ವಕಪ್ ಆಡಿಯೇ ಇರಲಿಲ್ಲ. 1989ರ ಆಗಸ್ಟಿನಲ್ಲಿ ಲಾಗೋಸಿನಲ್ಲಿ ಅಂಗೋಲಾದ ವಿರುದ್ಧ ಅರ್ಹತಾ ಪಂದ್ಯ ನಡೆಯುತ್ತಿದ್ದಾಗ ಸ್ಯಾಮ್ಯುಯೆಲ್ ಒಕ್ವಾರಾಜಿ ಎಂಬ ಆಟಗಾರ ಮೈದಾನದಲ್ಲಿಯೇ ಕುಸಿದು ತೀರಿಕೊಂಡರು. ಆ ಸಲವೂ ದೇಶಕ್ಕೆ ವಿಶ್ವಕಪ್ ದಕ್ಕಲಿಲ್ಲ. ಕೊನೆಗೆ 1993ರ ಅಕ್ಟೋಬರಿನಲ್ಲಿ ಆಲ್ಜಿಯರ್ಸ್‌ನಲ್ಲಿ 1-1ರ ಸಮಬಲ ಸಾಧಿಸಿ ಅರ್ಹತೆ ಪಡೆದರು. ಡಲ್ಲಾಸಿನಲ್ಲಿ ಬಲಗಡೆಯಿಂದ ಫಿನಿಡಿ ಜಾರ್ಜ್ ಕೊಟ್ಟ ಪಾಸನ್ನು ಯೆಕಿನಿ ಒಳಕ್ಕೆ ತಳ್ಳಿದಾಗ, ಅದು ವಿಶ್ವಕಪ್‌ನಲ್ಲಿ ನೈಜೀರಿಯಾದ ಮೊಟ್ಟಮೊದಲ ಗೋಲು ಆಯಿತು. ನಿಮ್ಮ ಹುಡುಗ ಹೇಳುವ ಮೂರು ಹೆಜ್ಜೆ ನಿಜವೇ. ಆದರೆ ಅಲ್ಲಿಗೆ ಬಂದು ನಿಲ್ಲುವ ಮೊದಲು ಕಡುನಾದಿಂದ ಹೊರಟು ಹನ್ನೆರಡು ವರ್ಷ ಆಗಿತ್ತು ಎಂಬುದನ್ನು ಅವನಿಗೆ ತಿಳಿಸಿ. ನಿಮ್ಮ ನೆರೆಮನೆಯ ಅಜ್ಜ ಆಡಿದ ಮಾತನ್ನು ಮೀರಿಸುವ ವಿವರಣೆ ನನ್ನಲ್ಲಿಲ್ಲ.

ಉತ್ತರ: ಶಿರಸಿಯ ಓದುಗ

ಹಿರಿಯರಾದ ಕೋಡಿಬಾಗದವರ ಅನುಭವಕ್ಕೆ ಗೌರವವಿಟ್ಟೇ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ನಾವು ಒಂದು ಫೋಟೋವನ್ನು ಮೆಚ್ಚುತ್ತಿದ್ದೇವೆಯೋ, ಒಬ್ಬ ಆಟಗಾರನನ್ನು ಮೆಚ್ಚುತ್ತಿದ್ದೇವೆಯೋ ಎಂಬುದು ಮೊದಲು ಸ್ಪಷ್ಟವಾಗಬೇಕು.

ಯೆಕಿನಿ ಎರಡು ವಿಶ್ವಕಪ್‌ಗಳಲ್ಲಿ ಆಡಿ ಹೊಡೆದದ್ದು ಒಂದೇ ಗೋಲು. ಬಲ್ಗೇರಿಯಾದ ವಿರುದ್ಧದ ಆ ಪಂದ್ಯವನ್ನು ನೈಜೀರಿಯಾ 3-0ಯಿಂದ ಗೆದ್ದಿತು. ಉಳಿದೆರಡು ಗೋಲು ಡೇನಿಯಲ್ ಅಮೊಕಾಚಿ ಮತ್ತು ಇಮ್ಯಾನ್ಯುಯೆಲ್ ಅಮುನಿಕೆ ಅವರದು. ನಂತರ ಅರ್ಜೆಂಟೀನಾದ ಎದುರು 1-2ರ ಸೋಲು, ಗ್ರೀಸ್ ಎದುರು 2-0ಯ ಗೆಲುವು. ಯೆಕಿನಿಯವರ ಗೋಲು ಇಲ್ಲ. ಜುಲೈ 5ರಂದು ಹದಿನಾರರ ಘಟ್ಟದಲ್ಲಿ ಇಟಲಿಯ ವಿರುದ್ಧ 88ನೆಯ ನಿಮಿಷದವರೆಗೆ ನೈಜೀರಿಯಾ ಮುಂದಿತ್ತು. ಇಟಲಿಯ ಜೋಲಾ ಕೆಂಪು ಕಾರ್ಡ್ ಪಡೆದು ಹೊರನಡೆದಿದ್ದರು, ಎದುರಿಗಿದ್ದವರು ಹತ್ತೇ ಮಂದಿ. ಆಗ ಇನ್ನೊಂದು ಗೋಲು ಬಂದಿದ್ದರೆ ರಾಬರ್ಟೊ ಬಾಜಿಯೊ ಎರಡು ಗೋಲು ಹೊಡೆದು ನೈಜೀರಿಯಾವನ್ನು ಮನೆಗೆ ಕಳಿಸುವ ಪ್ರಸಂಗವೇ ಬರುತ್ತಿರಲಿಲ್ಲ. ಆ ಇನ್ನೊಂದು ಗೋಲು ತರಬೇಕಾದವರು ಯಾರು? ಮುಂದೆ ನಿಂತ ಸ್ಟ್ರೈಕರ್ ತಾನೇ? ಸೆತುಬಾಲಿನ 34 ಗೋಲು ಎರಡನೆಯ ದರ್ಜೆಯಲ್ಲಿ ಬಂದವು. ವಿಶ್ವಕಪ್ ಮುಗಿಸಿ ಗ್ರೀಸಿನ ಒಲಿಂಪಿಯಾಕೊಸ್ ಎಂಬ ದೊಡ್ಡ ತಂಡ ಸೇರಿದಾಗ ಅಲ್ಲಿ ನೆಲೆ ನಿಲ್ಲಲಾಗಲಿಲ್ಲ. ನನ್ನ ಮಟ್ಟಿಗೆ ನೈಜೀರಿಯಾದ ಶ್ರೇಷ್ಠ ಆಟಗಾರರೆಂದರೆ ಕನು ಮತ್ತು ಒಕೊಚಾ. ಯೆಕಿನಿ ಅವರ ನಂತರ.

ಉತ್ತರ: ಅಂಕೋಲೆಯ ಅಂಕಿಪ್ರಿಯ

ಶಿರಸಿಯ ಓದುಗರೇ, ತಾವು ಲೆಕ್ಕದ ದಾರಿ ಹಿಡಿದದ್ದು ಒಳ್ಳೆಯದಾಯಿತು. ಲೆಕ್ಕವನ್ನು ಪೂರ್ತಿ ಮಾಡೋಣ.

ಯೆಕಿನಿ 1984ರಿಂದ 1998ರವರೆಗೆ ದೇಶಕ್ಕಾಗಿ ಹೊಡೆದ ಗೋಲುಗಳು 37. ಅವರು ಆಡುವುದನ್ನು ನಿಲ್ಲಿಸಿ ಇಪ್ಪತ್ತೈದು ವರ್ಷ ಕಳೆದರೂ ಯಾವ ನೈಜೀರಿಯನ್ನನೂ ಆ ಸಂಖ್ಯೆಯನ್ನು ದಾಟಲಿಲ್ಲ. ಇತ್ತೀಚೆಗೆ ವಿಕ್ಟರ್ ಒಸಿಮೆನ್ ಅದನ್ನು ಬೆನ್ನಟ್ಟಿದ್ದಾರೆ. ತಾವು ಹೆಸರಿಸಿದ ಕನು ಅವರದಾಗಲಿ, ಒಕೊಚಾ ಅವರದಾಗಲಿ ಗೋಲುಗಳು ಇದರ ಅರ್ಧಕ್ಕೂ ಬರುವುದಿಲ್ಲ. ಕನು ಅವರ ಹಿರಿಮೆ ಬೇರೆಯದು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಸೆಮಿಫೈನಲ್ಲಿನಲ್ಲಿ ಬ್ರೆಜಿಲ್ ಎದುರು ಕೊನೆಗಳಿಗೆಯಲ್ಲಿ ಸಮಬಲದ ಗೋಲನ್ನೂ ಹೆಚ್ಚುವರಿ ಸಮಯದಲ್ಲಿ ಗೆಲುವಿನ ಗೋಲನ್ನೂ ಹೊಡೆದು, ಚಿನ್ನದ ಪದಕದ ತಂಡಕ್ಕೆ ನಾಯಕರಾಗಿದ್ದವರು ಅವರು. ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಫಾರ್ವರ್ಡ್ ಎಂಬ ಕೆಲಸವನ್ನು ಗೋಲಿನಿಂದಲೇ ಅಳೆಯುವುದಾದರೆ ತಕ್ಕಡಿ ಯಾವ ಕಡೆ ವಾಲುತ್ತದೆಂಬುದು ಸ್ಪಷ್ಟ.

ಆಫ್ರಿಕಾ ರಾಷ್ಟ್ರಗಳ ಕಪ್‌ನ ಲೆಕ್ಕ ಇನ್ನೂ ಸ್ವಾರಸ್ಯಕರವಾದುದು. ನೈಜೀರಿಯಾ 1984ರಲ್ಲಿ ಕ್ಯಾಮೆರೂನ್‌ಗೆ, 1988ರಲ್ಲಿ ಮತ್ತೆ ಕ್ಯಾಮೆರೂನ್‌ಗೆ, 1990ರಲ್ಲಿ ಅಲ್ಜೀರಿಯಾಕ್ಕೆ ಫೈನಲ್ಲಿನಲ್ಲಿ ಸೋತಿತು. ಈ ಮೂರೂ ತಂಡಗಳಲ್ಲಿ ಯೆಕಿನಿ ಇದ್ದರು. 1992ರಲ್ಲಿ ಸೆನೆಗಲ್ಲಿನಲ್ಲಿ 4 ಗೋಲುಗಳೊಂದಿಗೆ ಅಗ್ರ ಗೋಲುಗಾರರಾದರು, ತಂಡ ಮೂರನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. 1994ರಲ್ಲಿ ಟುನೀಶಿಯಾದಲ್ಲಿ 5 ಗೋಲುಗಳೊಂದಿಗೆ ಮತ್ತೆ ಅವರೇ ಮೊದಲಿಗರು. ಫೈನಲ್ಲಿನಲ್ಲಿ ಜಾಂಬಿಯಾವನ್ನು 2-1ರಿಂದ ಸೋಲಿಸಿ ಕಪ್ ಕೊನೆಗೂ ಕೈಗೆ ಬಂತು. ಹಿಂದಿನ ವರ್ಷ ಗಬೊನ್ ಕರಾವಳಿಯಲ್ಲಿ ವಿಮಾನ ಸಮುದ್ರಕ್ಕೆ ಬಿದ್ದು ತನ್ನ ತಂಡದ ಬಹುಪಾಲು ಆಟಗಾರರನ್ನು ಕಳೆದುಕೊಂಡಿದ್ದ ಜಾಂಬಿಯಾ, ಹೊಸಬರನ್ನು ಕಟ್ಟಿಕೊಂಡು ಆ ಫೈನಲ್ ತಲುಪಿತ್ತು ಎಂಬುದು ಬೇರೆಯೇ ಒಂದು ಕಥೆ. ಈ ಕಪ್‌ನಲ್ಲಿ ಯೆಕಿನಿಯವರ ಒಟ್ಟು ಗೋಲು 13. ಅವರಿಗಿಂತ ಹೆಚ್ಚು ಹೊಡೆದವರು ಕ್ಯಾಮೆರೂನಿನ ಸ್ಯಾಮ್ಯುಯೆಲ್ ಎಟೊ 18, ಐವರಿ ಕೋಸ್ಟಿನ ಲಾರೆಂ ಪೊಕು 14.

ಅಲ್ಲಿಗೂ ನಿಲ್ಲಿಸುವಂತಿಲ್ಲ, ಏಕೆಂದರೆ ಆಡದೇ ಹೋದ ಪಂದ್ಯಗಳನ್ನೂ ಎಣಿಸಬೇಕು. 1995ರ ನವೆಂಬರಿನಲ್ಲಿ ಅಬಾಚಾ ಸರ್ಕಾರ ಲೇಖಕ, ಹೋರಾಟಗಾರ ಕೆನ್ ಸಾರೊ-ವಿವಾ ಅವರನ್ನು ಗಲ್ಲಿಗೇರಿಸಿತು. ನೆಲ್ಸನ್ ಮಂಡೇಲಾ ಅದನ್ನು ಕಟುವಾಗಿ ಖಂಡಿಸಿದರು. ಮುಂದಿನ ಕಪ್ ನಡೆಯಬೇಕಾದದ್ದು 1996ರ ಆರಂಭದಲ್ಲಿ ದಕ್ಷಿಣ ಆಫ್ರಿಕಾದಲ್ಲಿ. ನೈಜೀರಿಯಾ ತಂಡವನ್ನೇ ಕಳುಹಿಸಲಿಲ್ಲ. ಅದರ ಶಿಕ್ಷೆಯಾಗಿ 1998ರ ಕಪ್‌ನಿಂದಲೂ ದೂರ ಇಡಲಾಯಿತು. ಹಾಲಿ ಚಾಂಪಿಯನ್ ತಂಡದ ಸ್ಟ್ರೈಕರ್ ಆಗಿದ್ದವರಿಗೆ ಹೀಗೆ ಎರಡು ಕಪ್‌ಗಳು ಅಂಗಳಕ್ಕಿಳಿಯುವ ಮೊದಲೇ ಕೈತಪ್ಪಿದವು. ಪೊಕು ಅವರ 14ಕ್ಕೂ ಯೆಕಿನಿಯವರ 13ಕ್ಕೂ ಇರುವ ಅಂತರವನ್ನು ಮೈದಾನದ ಹೊರಗಿನವರು ಉಳಿಸಿದರು ಎಂದು ನಾನು ಹೇಳಿದರೆ ಅದು ಊಹೆಯೇ ಸರಿ, ಆದರೆ ಬರಿಯ ಊಹೆಯಲ್ಲ.

ಸಮೀಪದ ಗೋಲು ಸುಲಭ ಎಂಬ ಮಾತಿಗೂ ಒಂದು ತಿದ್ದುಪಡಿ ಬೇಕು. ಯೆಕಿನಿ ಸುಮಾರು ಆರು ಅಡಿ ಮೂರು ಅಂಗುಲದ ಭಾರಿ ಆಳು. ಅಂಥವರು ಎದುರಾಳಿಯ ಗೋಲಿನ ಮುಂದೆ ಯಾರ ಕಣ್ಣಿಗೂ ಬೀಳದೆ ನಿಲ್ಲುವುದು ಸುಲಭದ ಮಾತಲ್ಲ. ಇಬ್ಬರು ರಕ್ಷಣಾ ಆಟಗಾರರು ಸದಾ ಬೆನ್ನಿಗೆ ಅಂಟಿಕೊಂಡಿರುತ್ತಾರೆ. ಚೆಂಡು ಬದಿಯಿಂದ ಬರುವ ಕ್ಷಣಕ್ಕೆ ಅವರಿಬ್ಬರಿಗಿಂತ ಅರ್ಧ ಹೆಜ್ಜೆ ಮುಂದಿರಬೇಕು, ಆದರೆ ಆಫ್‌ಸೈಡ್ ಆಗುವಷ್ಟು ಮುಂದೆ ಇರಕೂಡದು. ಈ ಅರ್ಧ ಹೆಜ್ಜೆಯನ್ನು ಹದಿನಾಲ್ಕು ವರ್ಷ ಕಾಯ್ದುಕೊಂಡದ್ದಕ್ಕೇ ಆ 37. ನೈಜೀರಿಯನ್ನರು ಅವರನ್ನು ‘ಗೋಲುಗಳ ತಂದೆ’ ಎಂದು ಕರೆದದ್ದು ಫೋಟೋ ನೋಡಿ ಅಲ್ಲ.

ಉತ್ತರ: ಯಲ್ಲಾಪುರದ ಕಡೆಯವ

ನಾನು ಸಿದ್ದಿ ಸಮುದಾಯದವನು. ಈ ಚರ್ಚೆಯಲ್ಲಿ ನನ್ನದೊಂದು ಸಣ್ಣ ಸೇರ್ಪಡೆ. ನಮ್ಮೂರಿನಲ್ಲಿ ಆ ವರ್ಷ ಟೀವಿ ಇದ್ದದ್ದು ಒಂದೇ ಮನೆಯಲ್ಲಿ. ಪಂದ್ಯವನ್ನು ನಾವು ನೋಡಲಿಲ್ಲ. ಕೆಲ ದಿನಗಳ ನಂತರ ಪೇಟೆಯಲ್ಲಿ ಸಾಮಾನು ಕಟ್ಟಿಕೊಟ್ಟ ಹಳೆಯ ಪತ್ರಿಕೆಯ ಹಾಳೆಯಲ್ಲಿ ಯೆಕಿನಿಯವರ ಚಿತ್ರವಿತ್ತು. ನನ್ನ ಅಣ್ಣ ಅದನ್ನು ಬಿಡಿಸಿ, ಎಣ್ಣೆಯ ಕಲೆ ಒರೆಸಿ, ಗೋಡೆಗೆ ಅಂಟಿಸಿದ. ನೋಡಿದವರೆಲ್ಲ "ಇವ ನಿಮ್ಮ ಸಂಬಂಧಿಕನೇ?" ಎಂದು ತಮಾಷೆ ಮಾಡುತ್ತಿದ್ದರು. ನಮ್ಮ ಪೂರ್ವಜರು ನೈಜೀರಿಯಾದವರಲ್ಲ. ಹೆಚ್ಚಿನವರನ್ನು ಪೋರ್ಚುಗೀಸರು ಆಫ್ರಿಕಾದ ಪೂರ್ವ ಕರಾವಳಿಯಿಂದ ಗುಲಾಮರನ್ನಾಗಿ ಗೋವೆಗೆ ತಂದರು, ಅಲ್ಲಿಂದ ತಪ್ಪಿಸಿಕೊಂಡು ಬಂದವರು ಈ ಘಟ್ಟದ ಕಾಡುಗಳಲ್ಲಿ ನೆಲೆಸಿದರು. ಆ ಪೋರ್ಚುಗಲ್ಲಿನ ಲೀಗಿನಲ್ಲಿಯೇ ಒಬ್ಬ ಆಫ್ರಿಕನ್ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದನೆಂಬುದು ಅಣ್ಣನಿಗೆ ಅಂದು ತಿಳಿದಿದ್ದರೆ ಆ ಹಾಳೆಗೆ ಚೌಕಟ್ಟು ಹಾಕಿಸುತ್ತಿದ್ದ. ಅವರಿಗೂ ಮೊದಲು ಮೊಜಾಂಬಿಕ್‌ನಲ್ಲಿ ಹುಟ್ಟಿದ ಯುಸೇಬಿಯೊ ಪೋರ್ಚುಗಲ್ಲಿನ ಪರವಾಗಿಯೇ ಆಡಿ 1966ರ ವಿಶ್ವಕಪ್‌ನಲ್ಲಿ 9 ಗೋಲು ಹೊಡೆದಿದ್ದರು. ಕೋಡಿಬಾಗದ ಹಿರಿಯರು ಸೆತುಬಾಲಿನ ವಿಷಯ ಬರೆದಿದ್ದರಿಂದ ಇಷ್ಟು ಹೇಳಬೇಕೆನಿಸಿತು.

ಉತ್ತರ: ಮಾಜಾಳಿಯ ಮಾಸ್ತರ

ಎಲ್ಲರಿಗೂ ಕೃತಜ್ಞತೆಗಳು. ನಾನು ಕೇಳಿದ್ದಕ್ಕಿಂತ ಬಹಳ ಹೆಚ್ಚು ದೊರೆತಿದೆ. ಪ್ರಶ್ನೆಯ ಎರಡನೆಯ ಭಾಗ ಉಳಿದುಕೊಂಡಿದೆ: ಆ ಗೋಲಿನ ನಂತರ ಅವರಿಗೇನಾಯಿತು? ಅವರ ಕೊನೆಯ ದಿನಗಳು ಕಷ್ಟದವಾಗಿದ್ದವೆಂದು ಎಲ್ಲೋ ಓದಿದ ನೆನಪು. ಹುಡುಗರಿಗೆ ಅದನ್ನು ಹೇಳಬೇಕೋ ಬೇಡವೋ ಎಂಬುದು ನನಗಿನ್ನೂ ತೀರ್ಮಾನವಾಗಿಲ್ಲ.

ಉತ್ತರ: ಕೋಡಿಬಾಗದ ಹಡಗಿನವ

ಹೇಳಿ ಮಾಸ್ತರರೇ, ಆದರೆ ಅದನ್ನೇ ಮುಂದಿಟ್ಟು ಹೇಳಬೇಡಿ.

ಒಲಿಂಪಿಯಾಕೊಸ್‌ನಲ್ಲಿ ಅವರು ನೆಲೆ ನಿಲ್ಲಲಿಲ್ಲವೆಂದು ಶಿರಸಿಯವರು ಬರೆದದ್ದು ಸರಿ. ಮೊಣಕಾಲಿನ ಪೆಟ್ಟು ಬೇರೆ ಇತ್ತು. ಆಡಿದ ಪಂದ್ಯಗಳೇ ಕಡಿಮೆ. ಅಲ್ಲಿಂದ ಸ್ಪೇನಿನ ಸ್ಪೋರ್ಟಿಂಗ್ ಗಿಹೋನ್, ನಡುವೆ ಒಮ್ಮೆ ಹಳೆಯ ಸೆತುಬಾಲ್, ನಂತರ ಸ್ವಿಟ್ಜರ್ಲೆಂಡಿನ ಜೂರಿಚ್. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ 1998ರ ಫ್ರಾನ್ಸ್ ವಿಶ್ವಕಪ್ ತಂಡಕ್ಕೆ ಮತ್ತೆ ಕರೆ ಬಂತು. ನೈಜೀರಿಯಾ ಸ್ಪೇನನ್ನು 3-2ರಿಂದ ಸೋಲಿಸಿದ ಪ್ರಸಿದ್ಧ ಪಂದ್ಯದಲ್ಲಿ ಅವರು ಬದಲಿ ಆಟಗಾರನಾಗಿ ಇಳಿದರು. ಆ ಸಲವೂ ತಂಡ ಹದಿನಾರರ ಘಟ್ಟದಲ್ಲಿ, ಡೆನ್ಮಾರ್ಕಿನ ಎದುರು 1-4ರಿಂದ ಸೋತು ಹೊರಬಿತ್ತು. ಆಮೇಲೆ ಟುನೀಶಿಯಾ, ಸೌದಿ ಅರೇಬಿಯಾ, ಮತ್ತೆ ಅಬಿಜಾನಿನ ಆಫ್ರಿಕಾ ಸ್ಪೋರ್ಟ್ಸ್, ಕೊನೆಗೆ ಸ್ವದೇಶದ ಜೂಲಿಯಸ್ ಬರ್ಗರ್ ತಂಡ. ಇಷ್ಟಕ್ಕೇ ಮುಗಿಯಿತೆಂದು ಎಲ್ಲರೂ ಎಣಿಸಿದ್ದಾಗ, 2005ರಲ್ಲಿ, ನಲವತ್ತೊಂದರ ವಯಸ್ಸಿನಲ್ಲಿ, ಹಳೆಯ ಸಂಗಡಿಗ ಮೊಬಿ ಒಪಾರಾಕು ಅವರ ಜೊತೆಗೆ ಗೇಟ್‌ವೇ ಎಂಬ ತಂಡದ ಪರವಾಗಿ ಮತ್ತೆ ಲೀಗ್ ಆಡಿದರು. ಆ ತಂಡದ ಊರು ಅಬೆಯೊಕುಟಾ. ಇಪ್ಪತ್ತು ವರ್ಷಗಳ ಹಿಂದೆ ಅಬಿಯೋಲಾ ಅವರ ತಂಡಕ್ಕೆ ಆಡಿದ್ದ ಅದೇ ಊರು.

ನಿವೃತ್ತರಾದ ಮೇಲೆ ಇಬಾದಾನಿನಲ್ಲಿ ನೆಲೆಸಿದರು. ಕನು, ಒಕೊಚಾ ಮೊದಲಾದವರು ಸಭೆ ಸಮಾರಂಭಗಳಲ್ಲಿ, ಟೀವಿಯಲ್ಲಿ ಕಾಣಿಸಿಕೊಳ್ಳುತ್ತಿದ್ದಾಗ ಇವರು ಜನಸಂಪರ್ಕದಿಂದ ದೂರ ಉಳಿದರು. ತೀರ ಒಂಟಿಯಾಗಿ ಬದುಕಿದರು. ಅವರಿಗೆ ಮಾನಸಿಕ ಅಸ್ವಾಸ್ಥ್ಯವಿದೆಯೆಂದು ಅಲ್ಲಿನ ಪತ್ರಿಕೆಗಳು ಬರೆಯತೊಡಗಿದವು. 2012ರ ಮೇ 4ರಂದು, ನಲವತ್ತೆಂಟನೆಯ ವಯಸ್ಸಿನಲ್ಲಿ, ತೀರಿಕೊಂಡರು. ಪೂರ್ವಜರ ಊರಾದ ಇರಾದಲ್ಲಿ ಮಣ್ಣು ಮಾಡಿದರು. ಕೊನೆಯ ದಿನಗಳಲ್ಲಿ ಅವರಿಗೆ ಸರಿಯಾದ ಚಿಕಿತ್ಸೆ ಸಿಕ್ಕಿತೇ, ದೇಶ ಅವರನ್ನು ಮರೆಯಿತೇ ಎಂಬ ವಾದ ವಿವಾದ ಆಗಲೇ ಎದ್ದಿತು. 1994ರ ಆ ತಂಡದ ಮೇಲೆ ಸಾವಿನ ಕಣ್ಣು ಬೇಗ ಬಿತ್ತು: ಉಚೆ ಒಕಾಫೊರ್ 2011ರಲ್ಲಿ, ಥಾಮ್ಸನ್ ಒಲಿಹಾ 2013ರಲ್ಲಿ, ನಾಯಕರಾಗಿದ್ದು ಮುಂದೆ 2013ರಲ್ಲಿ ತರಬೇತುದಾರರಾಗಿ ಆಫ್ರಿಕಾ ಕಪ್ ಗೆದ್ದುಕೊಟ್ಟ ಸ್ಟೀಫನ್ ಕೇಶಿ 2016ರಲ್ಲಿ ಹೋದರು.

ಅಂತರ್ಜಾಲದಲ್ಲಿ ಬಲೆ ಹಿಡಿದ ಚಿತ್ರವನ್ನು ಒಂದು ಕಡೆ, ಕೊನೆಯ ದಿನಗಳ ಕಷ್ಟವನ್ನು ಇನ್ನೊಂದು ಕಡೆ ಇಟ್ಟು, ಆ ಅಳುವಿನಲ್ಲಿಯೇ ಮುಂದಿನ ದುಃಖ ಕಾಣುತ್ತಿತ್ತು ಎಂಬಂತೆ ಬರೆಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕಾಯಿಲೆ ಯಾರಿಗೂ ಬರಬಹುದು. ನಮ್ಮ ಊರುಗಳಲ್ಲಿಯೂ ಅಂಥವರನ್ನು ಕಂಡು ಬಾಗಿಲು ಹಾಕಿಕೊಳ್ಳುವವರೇ ಹೆಚ್ಚು. ಆ ರಾತ್ರಿ ಲಾಗೋಸಿನಲ್ಲಿ ನಾನು ಕೇಳಿದ ಕೂಗು ಸಂತೋಷದ್ದು. ಧಕ್ಕೆಯ ಕಾವಲುಗಾರ ತನ್ನ ಟೊಪ್ಪಿಯನ್ನು ನೀರಿಗೆಸೆದು, ಬೆಳಿಗ್ಗೆ ಅದಕ್ಕಾಗಿ ಬೈಸಿಕೊಂಡ.

ಉತ್ತರ: ಶಿರಸಿಯ ಓದುಗ

ಅಂಕೋಲೆಯವರ ಲೆಕ್ಕದ ಮುಂದೆ ನನ್ನ ಅರ್ಧ ವಾದವನ್ನು ಹಿಂತೆಗೆದುಕೊಳ್ಳುತ್ತೇನೆ. ಆಫ್ರಿಕಾ ಕಪ್‌ನ 13 ಗೋಲು ನನ್ನ ಗಮನಕ್ಕೆ ಬಂದಿರಲಿಲ್ಲ. ಇಟಲಿ ಪಂದ್ಯದ ಬಗ್ಗೆ ಮಾತ್ರ ನನ್ನ ಅಸಮಾಧಾನ ಹಾಗೆಯೇ ಉಳಿದಿದೆ. ಅಂದು ರಾತ್ರಿ ನಿದ್ದೆಗೆಟ್ಟು ನೋಡಿ, ಮರುದಿನ ಅಡಿಕೆ ತೋಟಕ್ಕೆ ಕೊಳೆ ಔಷಧಿ ಹೊಡೆಸುವಾಗ ಬೋರ್ಡೊ ದ್ರಾವಣಕ್ಕೆ ಸುಣ್ಣದ ಅಳತೆ ತಪ್ಪಿಸಿದವನು ನಾನು.

ಉತ್ತರ: ಮಾಜಾಳಿಯ ಮಾಸ್ತರ

ನಿನ್ನೆ ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾದಾಗ ಹುಡುಗರನ್ನು ಕೂರಿಸಿ ಕಡುನಾದಿಂದ ಡಲ್ಲಾಸಿನವರೆಗಿನ ಕಥೆ ಹೇಳಿದೆ. ಸೆತುಬಾಲಿನ ತಾರ್ಲೆ ಕಾರ್ಖಾನೆಗಳ ವಿಷಯ ಬಂದಾಗ ಎಲ್ಲರ ಕಿವಿ ನೆಟ್ಟಗಾಯಿತು. ಕೊನೆಯ ದಿನಗಳನ್ನೂ ಎರಡೇ ಮಾತಿನಲ್ಲಿ ಹೇಳಿದೆ. ಯಾರೂ ಏನೂ ಕೇಳಲಿಲ್ಲ.

ನಂತರ, ಅಜ್ಜಿಯೂ ಹೊಡೆಯುತ್ತಾಳೆ ಎಂದಿದ್ದ ಹುಡುಗನನ್ನು ಗೋಲಿನ ಮೂರು ಹೆಜ್ಜೆ ಮುಂದೆ ನಿಲ್ಲಿಸಿ, ಇಬ್ಬರನ್ನು ಅವನ ಬೆನ್ನಿಗೆ ಅಂಟಿಸಿ, ಬಲಬದಿಯಿಂದ ಹತ್ತು ಪಾಸ್ ಕೊಡಿಸಿದೆ. ನೆಲ ಒದ್ದೆಯಿತ್ತು. ಮೊದಲ ಆರರಲ್ಲಿ ಎರಡಕ್ಕೆ ಅವನ ಕಾಲೇ ತಾಗಲಿಲ್ಲ, ಮೂರು ಕಂಬದ ಹೊರಗೆ ಹೋದವು, ಒಂದು ಅವನ ಮೊಣಕಾಲಿಗೆ ಬಡಿದು ವಾಪಸು ಬಂತು. ಏಳನೆಯದು ಒಳಗೆ ಹೋಯಿತು. ಹುಡುಗ ಚೆಂಡಿನ ಹಿಂದೆಯೇ ನುಗ್ಗಿ, ಎರಡೂ ಕೈಗಳನ್ನು ಬಲೆಯಲ್ಲಿ ತೂರಿಸಿ, ಜೋರಾಗಿ ಕೂಗುತ್ತ ಅದನ್ನು ಎಳೆದ. ಬಲೆ ಹಳೆಯದು, ಮೇಲಿನ ಹಗ್ಗದ ಸಮೇತ ಕಿತ್ತು ಅವನ ತಲೆಯ ಮೇಲೆಯೇ ಬಿತ್ತು. ಈಗ ಹೊಸ ತುಂಡಿಗಾಗಿ ಅವನ ಅಜ್ಜನನ್ನು ಕೇಳಬೇಕಾಗಿದೆ.